ಹೊನ್ನೂರಮ್ಮ ಕಲ್ಲಿನಿಂದ ಎದ್ದದ್ದು

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆ ಬಿಟ್ಟು ತುಸು ಒಳಗೆ ನಡೆದರೆ ಸಿಗುವ ಹಳ್ಳಿಯಲ್ಲಿ ಕುರಿ ಕಾಯುವ ಆದಪ್ಪನ ಮನೆ. ಮನೆಯ ಮುಂದೆ ಬೇವಿನ ಗಿಡ, ಗಿಡದ ಬುಡಕ್ಕೆ ಒಂದು ಚಪ್ಪಟೆ ಕಲ್ಲು. ಮನೆಯ ಹೆಂಗಸು ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಆ ಕಲ್ಲಿನ ಮೇಲೆಯೇ ಕೂಡಬೇಕು. ತಾಟು, ತಂಬಿಗೆ, ಹಾಸಿಕೊಳ್ಳುವ ಗೋಣಿತಟ್ಟು ಎಲ್ಲ ಅಲ್ಲಿಗೇ ಬರುತ್ತಿದ್ದವು. ಆಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗಬೇಕು. ಕಲ್ಲು ಓಣಿಗೆ ಮುಖಮಾಡಿ ಬಿದ್ದಿತ್ತು. ನೀರಿಗೆ ಹೋಗುವವರು, ಗಿರಣಿಗೆ ಹೋಗುವವರು, ಸುಮ್ಮನೆ ಅಡ್ಡಾಡುವವರು, ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆ ಮನೆಯವಳು ಯಾವಾಗ ಕೂತಳು, ಯಾವಾಗ ಎದ್ದಳು ಎನ್ನುವುದು ಓಣಿಗೆ ಬಾಯಿಪಾಠ. ಕೂತರೆ ಯಾರೂ ಕೇಳುವುದಿಲ್ಲ. ಕೂಡದಿದ್ದರೆ ಎಲ್ಲರೂ ಕೇಳುತ್ತಾರೆ.

ಆದಪ್ಪನ ಮಗಳು ಹೊನ್ನೂರಮ್ಮನಿಗೆ ಆ ಕಲ್ಲಿನ ಮೇಲೆ ಮೊದಲಿನಿಂದಲೂ ಸಿಟ್ಟು. ಆಡುವ ವಯಸ್ಸಿನಲ್ಲಿ ಅದರ ಮೇಲೆ ಹತ್ತಿ ಕುಣಿದದ್ದಕ್ಕೆ ತಾಯಿ ಕರೆಮ್ಮ ಬೆನ್ನಿಗೆ ಗುದ್ದಿದ್ದಳು. ದೊಡ್ಡವಳಾಗಿ ಆರತಿ ಮಾಡಿಸಿಕೊಂಡ ಮೇಲೆ ಅದೇ ಕಲ್ಲಿನ ಮೇಲೆ ಕೂಡು ಎಂದರು. ಆಗ ಎರಡು ತಿಂಗಳು ಬಾರದೆ, ಮತ್ತೊಂದು ತಿಂಗಳು ಬಂದು, ಮುಟ್ಟು ತನಗೆ ತಿಳಿದ ಹಾಗೆ ಅಡ್ಡಾಡುತ್ತಿತ್ತು. ಕರೆಮ್ಮ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. "ಎಳೇ ಮೈ. ಹಾದಿ ಹಿಡಿಯಾಕ ಟೈಮ್ ಬೇಕು" ಎಂದಳು. ಹಾಗೇ ಆಯಿತು, ಒಂದೆರಡು ವರ್ಷಕ್ಕೆ ಹಾದಿ ಹಿಡಿಯಿತು. ಹೊನ್ನೂರಮ್ಮ ಚಾಂದ್‌ಬೀಯ ಗ್ಯಾಂಗಿಗೆ ಸೇರಿದಳು. ಚಾಂದ್‌ಬೀ ಎದುರು ಮನೆಯವಳು. ಹದಿನೈದಿಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ಸಿಂಧನೂರು ಸುತ್ತ ಕಾಲುವೆ ನೀರಾವರಿಗೆ ವಲಸೆ ಬಂದವರ ಕ್ಯಾಂಪುಗಳಿಗೆ ನೆಲ್ಲು ಹಚ್ಚಲು ಹೋಗುವ ಗಟ್ಟಿಗಿತ್ತಿ. ಸಾಲಿನಲ್ಲಿ ಹೊನ್ನೂರಮ್ಮ ಎಲ್ಲರಿಗಿಂತ ಮುಂದಿರುತ್ತಿದ್ದಳು. ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ಊರುವ ಕೆಲಸದಲ್ಲಿ ಮುಂದಿರುವುದು ಎಂದರೆ ಎಲ್ಲರಿಗಿಂತ ಹಿಂದೆ ಸರಿದಿರುವುದು. ಅದನ್ನು ಹೇಳಿ ಅವಳೇ ನಗುತ್ತಿದ್ದಳು.

ತೊಂಬತ್ತೆರಡರ ದೀಪಾವಳಿ ಮುಗಿದ ಮೇಲೆ ಗುರುಗುಂಟಾದ ಯಮನೂರಮ್ಮ ಬಂದು, ತನ್ನ ಮಗ ಪಂಪಣ್ಣನಿಗೆಂದು ಹೊನ್ನೂರಮ್ಮನಿಗೆ ಸೀರೆ ಉಡಿಸಿ ಉಡಿ ತುಂಬಿ ಹೋದಳು. ಪಂಪಣ್ಣ ಮಾತು ಕಮ್ಮಿಯ, ದುಡಿಯುವ ಹುಡುಗ. ಹೆಣ್ಣು ನೋಡಲು ಬಂದಾಗ ಅವನು ನೋಡಿದ ರೀತಿ ಹೊನ್ನೂರಮ್ಮನಿಗೆ ಹಿಡಿಸಿತ್ತು. ಅದೇ ಹೊತ್ತಿಗೆ ಅವಳ ಮುಟ್ಟು ನಿಂತಿತು. ಒಂದು ತಿಂಗಳು ಹೋಯಿತು, ಇನ್ನೊಂದು ಹೋಯಿತು, ಕಲ್ಲು ಖಾಲಿ.

ಓಣಿ ಬಾಯಿ ಬಿಡಲು ಅಷ್ಟು ಸಾಕಿತ್ತು. ನಲ್ಲಿಯ ಹತ್ತಿರ ಒಬ್ಬಳು, "ಏನಬೇ ಕರೆಮ್ಮ, ನಿನ್ನ ಮಗಳು ಕಾಣವಲ್ಲಳು ಗಿಡದ ಕೆಳಗ? ಕ್ಯಾಂಪಿನ ನೀರು ಭಾಳ ಹಿಡಿಸೇತೇನು?" ಎಂದು ನಕ್ಕಳು. ಕರೆಮ್ಮ ಕೊಡ ಅಲ್ಲೇ ಕುಕ್ಕಿ ಮನೆಗೆ ಬಂದು ಮಗಳ ರಟ್ಟೆ ಹಿಡಿದಳು.

"ಖರೇ ಹೇಳು. ಏನರ ಮಾಡ್ಕೊಂಡೀಯೇನು?"

"ನಿನ್ನ ಆಣಿ ಎವ್ವಾ, ಏನೂ ಇಲ್ಲ. ಬಂದಿಲ್ಲ, ಅಷ್ಟ."

ಕರೆಮ್ಮ ಮಗಳನ್ನು ನಂಬಿದಳು. ಆದರೆ ಓಣಿ ನಂಬಬೇಕಲ್ಲ, ಗುರುಗುಂಟಾದವರು ನಂಬಬೇಕಲ್ಲ. ಯಮನೂರಮ್ಮ ಮಸ್ಕಿ ಸಂತೆಗೆ ಬಂದಾಗಲೆಲ್ಲ ಈ ಊರಿನವರನ್ನು ಹಿಡಿದು ಸೊಸೆಯಾಗುವವಳ ಸುದ್ದಿ ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಕಲ್ಲಿನ ಮೇಲೆ ಗೋಣಿತಟ್ಟು ಹಾಸಿ ಬಂದಳು.

"ಹೋಗು, ಕುಂದ್ರು."

"ಬಂದಿಲ್ಲ ಅಂದ್ರ ಹೆಂಗ ಕುಂದ್ರಲಿ?"

"ಸುಳ್ಳ ಕುಂದ್ರು. ನೋಡೋರಿಗೇನು ಒಳಗಿಂದು ಕಾಣತೈತಾ?"

"ನಾ ಒಲ್ಲೆ."

"ಒಲ್ಲೆ ಅಂದ್ರ ಮದುವಿ ಮುರೀತೈತಿ. ನಿಮ್ಮಪ್ಪ ನಾಕು ಮಂದ್ಯಾಗ ತಲೀ ಎತ್ತಂಗಿಲ್ಲ. ನೋಡು, ನಿನಗ ಬಿಟ್ಟೀನಿ."

ಬಿಟ್ಟಿದ್ದೇನೆ ಎಂದು ಹೇಳಿ ಮಗಳನ್ನು ಹೊರಗೆ ನೂಕಿ ಬಾಗಿಲಿಗೆ ಅಡ್ಡ ನಿಂತಳು. ಹೊನ್ನೂರಮ್ಮ ಹಲ್ಲು ಕಚ್ಚಿಕೊಂಡು ಹೋಗಿ ಕೂತಳು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅದೇ ಆಟ. ಅಮಾವಾಸ್ಯೆಯಾದರೆ ಯಾರೂ ಮರೆಯುವುದಿಲ್ಲ ಎಂದು ಕರೆಮ್ಮನ ಉಪಾಯ. ಓಣಿಯ ಬಾಯಿ ಮುಚ್ಚಿತು. ನಲ್ಲಿಯ ಹತ್ತಿರ ನಕ್ಕವಳೇ, "ನಿನ್ನ ಮಗಳದು ಪಂಚಾಂಗದಾಗ ಬರದಿಟ್ಟಂಗ ಐತಿ ನೋಡಬೇ" ಎಂದು ಹೊಗಳಿದಳು. ಕರೆಮ್ಮ ಹೆಮ್ಮೆಯಿಂದ ತಲೆಯಾಡಿಸಿದಳು. ಹೇಳಿ ಹೇಳಿ ಕಡೆಗೆ ಅವಳೇ ಅದನ್ನು ಅರ್ಧ ನಂಬಿದ್ದಳು.

ಒಳಗೆ ಮಾತ್ರ ಬೇರೆಯದೇ ನಡೆದಿತ್ತು. ಕಾವು ಕಮ್ಮಿಯಾಗಿದೆ ಎಂದು ಕರೆಮ್ಮ ಎಳ್ಳು ಬೆಲ್ಲ ಕುಟ್ಟಿ ತಿನ್ನಿಸಿದಳು, ಪಪ್ಪಾಯಿ ಕಾಯಿ ತಂದು ತಿನ್ನಿಸಿದಳು, ಸಂತೆಯ ಔಷಧದವನ ಕರಿ ಗುಳಿಗೆ ನುಂಗಿಸಿದಳು. ಹೊಟ್ಟೆ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ತಿನ್ನುವುದು ಅರ್ಧ ರೊಟ್ಟಿ, ಆದರೂ ಮೈ ಊದಿಕೊಂಡಂತೆ ದಪ್ಪವಾಗುತ್ತಿತ್ತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ದನಿ ಗೊಗ್ಗರಾಯಿತು. ಯುಗಾದಿ ಮುಗಿದು ಕಲ್ಲು ಸಿಡಿಯುವಂಥ ಬಿಸಿಲು ಬಿದ್ದರೂ ಇವಳು ಅಪ್ಪನ ಕಂಬಳಿ ಹೊದ್ದು ಮಲಗುತ್ತಿದ್ದಳು. ಹೊಲದಲ್ಲಿ ಸಾಲಿಗೆ ಹಿಂದೆ ಬೀಳತೊಡಗಿದಳು. ಚಾಂದ್‌ಬೀ ಒಂದು ದಿನ ಅವಳ ಗದ್ದ ಹಿಡಿದು ಮೇಲಕ್ಕೆತ್ತಿ ನೋಡಿದಳು.

"ಅರೇ ಹೊನ್ನೂರಿ, ಈ ಕುತ್ತಿಗಿ ಯಾಕ ಹಿಂಗ ದಪ್ಪಾತು? ಕಪ್ಪಿ ನುಂಗೀಯೇನು?"

"ಗುರುಗುಂಟಾದವರು ಸರ ಹಾಕ್ತಾರಂತ, ಜಾಗ ಮಾಡಾಕತ್ತೀನಿ" ಎಂದಳು ಹೊನ್ನೂರಮ್ಮ. ಎಲ್ಲರೂ ನಕ್ಕರು. ಚಾಂದ್‌ಬೀ ನಗಲಿಲ್ಲ.

ಬೇಸಿಗೆಯಲ್ಲಿ ಒಂದು ಹುಣ್ಣಿಮೆಯ ಹೊತ್ತಿಗೆ, ಕ್ಯಾಂಪಿನಲ್ಲಿ ನೆಲ್ಲಿನ ರಾಶಿ ಮಾಡುವಾಗ, ಖರೇ ಮುಟ್ಟು ಬಂತು. ಬಂತು ಎನ್ನುವುದಕ್ಕಿಂತ ಕಟ್ಟೆಯೊಡೆದ ಕಾಲುವೆಯಂತೆ ಹರಿಯಿತು. ಸಂಜೆ ಮನೆಗೆ ಬಂದು ಹೇಳಿದರೆ ಕರೆಮ್ಮ ಕೈಯಿಂದ ಬಾಯಿ ಮುಚ್ಚಿದಳು. "ಸುಮ್ನಿರು! ಅಮಾಸಿಗೆ ಕುಂತು ಎದ್ದೀದಿ. ಈಗ ಮತ್ತ ಕುಂತ್ರ ಓಣಿ ಏನಂತೈತಿ?"

ಹೀಗೆ, ಬಾರದಾಗ ಕೂತವಳು ಬಂದಾಗ ಬಚ್ಚಿಟ್ಟುಕೊಂಡಳು. ಸೀರೆಯ ಹಳೆಯ ತುಂಡುಗಳನ್ನು ಮಡಿಚಿ ಮಡಿಚಿ ಇಟ್ಟುಕೊಂಡು ದಿನವೂ ಕೆಲಸಕ್ಕೆ ಹೋದಳು. ವಾರ ಕಳೆದರೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನೆಲ್ಲಿನ ಚೀಲಕ್ಕೆ ಕೈ ಹಾಕಿ ಎತ್ತಲು ಹೋದವಳು ಅಲ್ಲೇ ಕುಸಿದಳು. ಚಾಂದ್‌ಬೀ ಮುಖಕ್ಕೆ ನೀರು ಹೊಡೆದಳು, ಅವಳ ಸೀರೆ ನೋಡಿದಳು, ತನ್ನ ದುಪ್ಪಟಿಯನ್ನು ಸೊಂಟಕ್ಕೆ ಸುತ್ತಿ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದಳು.

ಮನೆಯಲ್ಲಿ ಯಮನೂರಮ್ಮ ಕೂತಿದ್ದಳು. ಮದುವೆಯ ದಿನ ಹಿಡಿಯಲು ಅಂದೇ ಬಂದಿದ್ದಳು. ಸೊಸೆಯಾಗುವವಳನ್ನು ಇಬ್ಬರು ಹಿಡಿದು ಇಳಿಸುವುದನ್ನು ಕಂಡು ಅವಳ ಬಾಯಿಯ ಎಲೆ ಅಡಿಕೆ ಅಲ್ಲೇ ನಿಂತಿತು.

"ಬಿಸಿಲಿಗೆ ಆಗೇತಿ ಯಕ್ಕಾ, ಬ್ಯಾರೆ ಏನಿಲ್ಲ" ಎಂದಳು ಕರೆಮ್ಮ.

ಚಾಂದ್‌ಬೀ ಬಾಗಿಲಲ್ಲೇ ನಿಂತು ಹೇಳಿದಳು: "ಬಿಸಿಲಿಗೆ ಮೈ ತಣ್ಣಗ ಆಗತೈತೇನು? ಮುಟ್ಟಿ ನೋಡು. ನಾಳಿ ಲಿಂಗಸುಗೂರಿಗೆ ಕರ್ಕೊಂಡು ಹೋಗು, ಹೆಂಗಸರನ್ನ ನೋಡೋ ಡಾಕ್ಟರಮ್ಮ ಅದಾಳ. ನೀ ಹೋಗಲಿಲ್ಲ ಅಂದ್ರ ನಾನ ಹೊತ್ಕೊಂಡು ಹೋಗ್ತೀನಿ."

"ನಾನೂ ಬರ್ತೀನಿ. ಹೆಂಗೂ ನಮ್ಮೂರ ಹಾದಿ" ಎಂದಳು ಯಮನೂರಮ್ಮ. ಅದು ಅನುಕಂಪದ ಮಾತಲ್ಲ, ಕಾವಲಿನ ಮಾತು ಎಂದು ಎಲ್ಲರಿಗೂ ತಿಳಿಯಿತು.

ಲಿಂಗಸುಗೂರಿನ ಡಾಕ್ಟರಮ್ಮನ ದವಾಖಾನೆಯಲ್ಲಿ ಮೂವರೂ ಒಟ್ಟಿಗೇ ಒಳಗೆ ಹೋದರು. ಡಾಕ್ಟರಮ್ಮ ನಡುವಯಸ್ಸಿನವಳು, ಧಾರವಾಡದ ಕಡೆಯವಳು, ಮುಖಕ್ಕೆ ಮುಖ ಕೊಟ್ಟು ಮಾತಾಡುವವಳು. ಹೊನ್ನೂರಮ್ಮನ ಕಣ್ಣ ರೆಪ್ಪೆ ಕೆಳಗೆಳೆದು ನೋಡಿ, ರಕ್ತವೇ ಇಲ್ಲವಲ್ಲ ಎಂದಳು. ಆಮೇಲೆ ಕೇಳಿದಳು: "ಮುಟ್ಟು ತಿಂಗಳಾ ಸರಿಯಾಗಿ ಆಗ್ತದೇನವಾ?"

ಹೊನ್ನೂರಮ್ಮ ಬಾಯಿ ತೆಗೆಯುವ ಮುಂಚೆ ಕರೆಮ್ಮ ಹೇಳಿಬಿಟ್ಟಳು: "ಆಗತೈತ್ರೀ! ಅಮಾಸಿ ತಪ್ಪಂಗಿಲ್ಲ. ಬೇಕಾದ್ರ ನಮ್ಮ ಓಣೀನ ಕೇಳ್ರಿ."

ಯಮನೂರಮ್ಮನೂ ತಲೆಯಾಡಿಸಿದಳು. "ಹೌದ್ರಿ, ನಾನೂ ಕೇಳೀನಿ."

ಡಾಕ್ಟರಮ್ಮ ತಾಯಿಯನ್ನು ನೋಡಿದಳು, ಮಗಳನ್ನು ನೋಡಿದಳು. "ನಿಮ್ಮವ್ವ ಒಂದು ಹೇಳ್ತಾರ, ನಿನ್ನ ಮೈ ಒಂದು ಹೇಳ್ತದ. ನೀವಿಬ್ರೂ ಸ್ವಲ್ಪ ಹೊರಗ ಕೂಡ್ರಿ, ನಾ ಹುಡುಗಿ ಜೋಡಿ ಮಾತಾಡ್ತೀನಿ."

ಹೊರಗೆ ಕೂಡ್ರಿ ಎನ್ನುವ ಮಾತು ಕೇಳಿ ಹೊನ್ನೂರಮ್ಮನಿಗೆ ಏನೋ ಕೆರಳಿತು. ಒಂದು ಮಾತು ಹೇಳಿದರೆ ಮದುವೆ ಮುರಿಯುತ್ತದೆ, ಅದು ಗೊತ್ತಿತ್ತು. ಹೇಳದಿದ್ದರೆ ಡಾಕ್ಟರಮ್ಮ ಅಮಾವಾಸ್ಯೆಯ ಮುಟ್ಟಿಗೆ ಔಷಧ ಕೊಡುತ್ತಾಳೆ, ಇಲ್ಲದ ರೋಗಕ್ಕೆ ಮದ್ದು. ಆಗ ಈ ತಣ್ಣಗಿನ ಮೈಯನ್ನು ಹೊತ್ತು ಗುರುಗುಂಟಾಕ್ಕೆ ಹೋಗಬೇಕು, ಅಲ್ಲಿಯೂ ಒಂದು ಕಲ್ಲು ಇದ್ದೇ ಇರುತ್ತದೆ. ಗುಟ್ಟಾಗಿ ಹೇಳುವ ಹಾದಿಯನ್ನು ಡಾಕ್ಟರಮ್ಮ ತೆರೆದುಕೊಟ್ಟಿದ್ದಳು. ಅದು ಅವಳಿಗೆ ಬೇಡವಾಯಿತು.

"ಇರಲಿ ಬಿಡ್ರಿ, ಅವರೂ ಕೇಳ್ಲಿ. ಅಮಾಸಿಗೆ ನನಗ ಏನೂ ಬರಂಗಿಲ್ಲ. ನಾ ಸುಳ್ಳ ಕುಂತೀನಿ. ಛಳಿಗಾಲದಾಗ ಬಂದಿಲ್ಲ, ಈಗ ಬಂದು ನಿಂದ್ರವಲ್ಲದು."

ಕರೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಮನೂರಮ್ಮ ಎದ್ದು ನಿಂತಳು. "ಏನಂದಿ? ಸುಳ್ಳ ಕುಂತಿದ್ಯಾ? ಎಲ್ಲಾ ತಿಂಗಳಾ?"

"ಎಲ್ಲಾ ತಿಂಗಳಾ."

"ನಮಗ ಸುಳ್ಳ ತೋರಿಸ್ದಿ!"

"ನಿಮಗ ತೋರಿಸಿಲ್ರೀ, ಓಣಿಗೆ ತೋರಿಸೀನಿ. ನೀವು ಓಣೀನ ಕೇಳಿದ್ರಿ. ನನ್ನ ಕೇಳಲಿಲ್ಲ."

ಡಾಕ್ಟರಮ್ಮ ಮೇಜಿನ ಮೇಲೆ ಬೆರಳು ಬಡಿದಳು. "ಜಗಳ ಬಸ್‌ಸ್ಟ್ಯಾಂಡಿನಾಗ ಮಾಡ್ಕೋರಿ. ಇಲ್ಲಿ ಆಕಿ ಮಾತಾಡ್ಲಿ." ಆಮೇಲೆ ಒಂದೊಂದಾಗಿ ಕೇಳಿದಳು. ಮೊದಲು ದೊಡ್ಡವಳಾದದ್ದು ಯಾವಾಗ, ನಡುವೆ ಸರಿಯಾಗಿತ್ತೇ, ತೂಕ ಹೆಚ್ಚಿತೇ ಇಳಿಯಿತೇ, ಮುಖದ ಮೇಲೆ ಕೂದಲು ಬಂದಿದೆಯೇ, ಮಲ ಸರಿ ಹೋಗುತ್ತದೆಯೇ, ಕೆಮ್ಮು ಜ್ವರ ಉಂಟೇ, ಯಾವ ಗುಳಿಗೆ ನುಂಗಿದ್ದೀ, ಮನಸ್ಸಿಗೆ ಏನಾದರೂ ಹತ್ತಿದೆಯೇ. ಕುತ್ತಿಗೆಗೆ ಕೈ ಇಟ್ಟು ಉಗುಳು ನುಂಗು ಎಂದಳು. ನಾಡಿ ಹಿಡಿದಳು. ಸಣ್ಣ ರಬ್ಬರಿನ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ಹೊಡೆದಳು. ಪಾದ ಅಲ್ಲಾಡಿ, ನಿದ್ದೆಯಿಂದೆದ್ದವರ ಹಾಗೆ ಮೆಲ್ಲಗೆ ತನ್ನ ಜಾಗಕ್ಕೆ ಮರಳಿತು. ಡಾಕ್ಟರಮ್ಮ ತಲೆದೂಗಿದಳು.

"ಮೊದಲು ಮೂತ್ರ ಪರೀಕ್ಷಾ ಮಾಡ್ತೀನಿ, ಬಸಿರಿಲ್ಲ ಅಂತ ನೋಡ್ಕೊಳ್ಳಾಕ. ಮುಟ್ಟು ಏರುಪೇರಾದೋರು ಯಾರ ಬರಲಿ, ಮೊದಲು ಅದನ್ನ ಮಾಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ."

"ಮಾಡ್ರಿ" ಎಂದಳು ಹೊನ್ನೂರಮ್ಮ, ಯಮನೂರಮ್ಮನ ಕಡೆ ತಿರುಗಿ. "ಜೋರಾಗಿ ಹೇಳ್ರಿ ಮತ್ತ."

ಜೋರಾಗಿಯೇ ಹೇಳಿದಳು. ಬಸಿರಿಲ್ಲ. ಯಮನೂರಮ್ಮ ಗೋಡೆ ನೋಡಿದಳು.

ಡಾಕ್ಟರಮ್ಮ ಆಮೇಲೆ ಮೂವರಿಗೂ ತಿಳಿಸಿ ಹೇಳಿದಳು. ದೊಡ್ಡವಳಾದ ಹೊಸದರಲ್ಲಿ ಮುಟ್ಟು ಹಿಂದುಮುಂದಾಗುವುದು ಸಹಜ, ಅದಕ್ಕೆ ಹೆದರಬಾರದು. ಆದರೆ ಸರಿಯಾಗಿದ್ದದ್ದು ಕೆಟ್ಟರೆ, ಮೂರು ತಿಂಗಳು ಬಾರದಿದ್ದರೆ, ಇಲ್ಲವೇ ಬಂದದ್ದು ವಾರ ಮೀರಿದರೂ ನಿಲ್ಲದಿದ್ದರೆ ತೋರಿಸಲೇಬೇಕು. ಕಾರಣ ಒಂದೇ ಇರುವುದಿಲ್ಲ. ಉಣ್ಣದೆ ದುಡಿದು ಸೊರಗಿದವರಿಗೂ ನಿಲ್ಲುತ್ತದೆ, ಮೈ ಹೆಚ್ಚಾದವರಿಗೂ ನಿಲ್ಲುತ್ತದೆ, ಚಿಂತೆಗೂ ನಿಲ್ಲುತ್ತದೆ. ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಾಗಿ ಮೊಟ್ಟೆ ಬಲಿಯದೆಯೂ ನಿಲ್ಲುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದು ಮಂದವಾದರೆ ಇಡೀ ಮೈ ಮಂದವಾಗುತ್ತದೆ, ಮುಟ್ಟೂ ದಾರಿ ತಪ್ಪುತ್ತದೆ. "ನಂಗ ಇದರ ಮ್ಯಾಲ ಅನುಮಾನ. ರಕ್ತ ಹೈದರಾಬಾದಿಗೆ ಹೋಗಿ ಬರಬೇಕು. ಅಲ್ಲೀತನಕ ರಕ್ತ ನಿಲ್ಲಾಕ, ಮೈಗೆ ರಕ್ತ ಬರಾಕ ಗುಳಿಗಿ ಕೊಡ್ತೀನಿ. ಸಂತಿ ಗುಳಿಗಿ ಬಂದ್."

"ಮಕ್ಕಳಾಗತಾವೇನ್ರಿ?" ಯಮನೂರಮ್ಮ ಕೇಳಿಯೇಬಿಟ್ಟಳು.

"ಅದೇ ರೋಗ ಅಂತಾದ್ರ, ದಿನಾ ಗುಳಿಗಿ ತಪ್ಪದ ತಗೊಂಡ್ರ ಆಗದಿರಾಕ ಕಾರಣ ಇಲ್ಲ. ಆದ್ರ ಮೊದಲು ಆಕಿ ಎದ್ದು ಅಡ್ಡಾಡಲಿ. ಮಕ್ಕಳ ಮಾತು ಆಮ್ಯಾಲ."

ಬಸ್‌ಸ್ಟ್ಯಾಂಡಿನಲ್ಲಿ ಯಮನೂರಮ್ಮ ತನ್ನ ಚೀಲ ಕಂಕುಳಿಗೆ ಇರುಕಿಕೊಂಡು ಕರೆಮ್ಮನಿಗೆ ಹೇಳಿದಳು: "ಮುರಿಯೂದಿಲ್ಲ, ಕೂಡಿಸೂದೂ ಇಲ್ಲ. ನಿನ್ನ ಮಗಳಿಗೆ ಖರೇ ಬಂದು, ಖರೇ ಕುಂತಾಗ ಹೇಳಿ ಕಳಿಸು. ನನ್ನ ಕಣ್ಣಿಲೆ ನೋಡ್ತೀನಿ. ಆಮ್ಯಾಲ ದಿನ ಹಿಡಿಯೋಣು."

ಮಸ್ಕಿಯಲ್ಲಿ ಇಳಿದ ಮೇಲೆ ಕರೆಮ್ಮ, "ನನ್ನ ಮಾನ ಹರಾಜಿಗೆ ಇಟ್ಟಿ" ಎಂದಳು. ಹೊನ್ನೂರಮ್ಮ, "ನನ್ನ ಮೈ ಹರಾಜಿಗೆ ಇಟ್ಟಾಕಿ ನೀನು, ಗಿಡದ ಕೆಳಗ" ಎಂದಳು.

ಹೈದರಾಬಾದಿನ ಉತ್ತರ ಡಾಕ್ಟರಮ್ಮನ ಅನುಮಾನವೇ ಖರೆ ಎಂದಿತು. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ಒಂದು ಸಣ್ಣ ಬಿಳಿ ಗುಳಿಗೆ. ಆದಪ್ಪ ಕುರಿ ಹೊಡೆದುಕೊಂಡು ಹೊರಡುವ ಮುಂಚೆ ಮಗಳ ಕೈಗೆ ನೀರಿನ ತಂಬಿಗೆ ಕೊಟ್ಟು, ಅವಳು ನುಂಗಿದ ಮೇಲೆಯೇ ಹೋಗುತ್ತಿದ್ದ. ಅವನು ಆ ವಿಷಯದಲ್ಲಿ ಆಡಿದ ಮಾತೆಂದರೆ ಅದೊಂದೇ. ಕರೆಮ್ಮ ಅಮಾವಾಸ್ಯೆಗೆ ಗೋಣಿತಟ್ಟು ಕೈಗೆ ತೆಗೆದುಕೊಂಡಳು, ಮಗಳ ಮುಖ ನೋಡಿ ಮತ್ತೆ ಮೂಲೆಗೆ ಎಸೆದಳು. ಕಲ್ಲಿನ ಮೇಲೆ ಬೇವಿನ ಎಲೆ ಉದುರಿ ಬಿದ್ದವು. ಓಣಿ ಮತ್ತೆ ಬಾಯಿ ಬಿಟ್ಟಿತು. ಹೊನ್ನೂರಮ್ಮ ನಲ್ಲಿಗೆ ತಾನೇ ಹೋಗಿ, "ಕೇಳೋದಿದ್ರ ನನ್ನ ಕೇಳ್ರಿ. ಕುತ್ತಿಗಿ ರೋಗ ಐತಿ, ಗುಳಿಗಿ ನುಂಗಾಕತ್ತೀನಿ" ಎಂದಳು. ಎದುರಿಗೆ ಹೇಳಿದ ಮಾತನ್ನು ಹಿಂದಿನಿಂದ ಆಡಲು ರುಚಿ ಇರುವುದಿಲ್ಲವಲ್ಲ, ಒಬ್ಬೊಬ್ಬರಾಗಿ ಬೇರೆ ಸುದ್ದಿ ಹುಡುಕಿಕೊಂಡರು.

ಮೈಯ ಊತ ಇಳಿಯಿತು. ಕಂಬಳಿ ಅಪ್ಪನಿಗೆ ಮರಳಿತು. ಸಂಕ್ರಾಂತಿಯ ಹೊತ್ತಿಗೆ ಎರಡನೆಯ ಬೆಳೆಯ ಸಸಿ ಹಚ್ಚಲು ಗ್ಯಾಂಗಿನ ಜೊತೆ ಮತ್ತೆ ಹೋಗತೊಡಗಿದಳು. ಒಂದು ಬೆಳಿಗ್ಗೆ ಎದ್ದಾಗ ಮುಟ್ಟು ಬಂದಿತ್ತು. ಹರಿಯುವಂತೆಯೂ ಅಲ್ಲ, ಹನಿಯುವಂತೆಯೂ ಅಲ್ಲ, ಬರಬೇಕಾದ ಹಾಗೆ. ಅವಳೇ ತಾಯಿಗೆ ಹೇಳಿದಳು.

ಕರೆಮ್ಮ ಎರಡೂ ಕೈ ಎತ್ತಿ ಮುಗಿದಳು. ಗೋಣಿತಟ್ಟು ಝಾಡಿಸಿ ಕಲ್ಲಿನ ಮೇಲೆ ಹಾಸಿದಳು, ತಂಬಿಗೆ ಬೆಳಗಿ ಇಟ್ಟಳು, ಮಸ್ಕಿಗೆ ಹೊರಟಿದ್ದ ಒಬ್ಬನ ಕೈಯಲ್ಲಿ ಗುರುಗುಂಟಾಕ್ಕೆ ಸುದ್ದಿ ಕಳಿಸಿದಳು. "ಕುಂದ್ರು ನನ್ನವ್ವಾ. ಈಗ ಸುಳ್ಳಲ್ಲ, ಖರೇ. ಆಕಿ ಬಂದು ನೋಡ್ತಾಳ, ಮದುವಿ ಆಗತೈತಿ."

ಹೊನ್ನೂರಮ್ಮ ಬುತ್ತಿ ಕಟ್ಟುತ್ತಿದ್ದಳು. ಪಂಪಣ್ಣನ ಮುಖ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಗಂಟು ಬಿಗಿದಳು.

"ಬರದಾಗೆಲ್ಲಾ ಕುಂತೀನಿ. ಇನ್ನ ಬಂದಾಗ ಕೂಡಂಗಿಲ್ಲ."

"ಏ ಹುಚ್ಚಿ! ಕೂಡದಿದ್ರ ಆಕಿ ನಂಬತಾಳೇನು?"

"ಕಲ್ಲು ಕೇಳಿ ನಂಬೋರು ನನಗ ಬ್ಯಾಡ. ನನ್ನ ಕೇಳಂತ ಹೇಳು."

ಟ್ರ್ಯಾಕ್ಟರು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯಿತು. ಚಾಂದ್‌ಬೀ ಮೇಲಿನಿಂದ ಕೈ ಚಾಚಿದಳು, ಹೊನ್ನೂರಮ್ಮ ಹತ್ತಿದಳು. ಬೇವಿನ ಕೆಳಗೆ ಗೋಣಿತಟ್ಟಿನ ಮೇಲೆ ಒಂದು ಕೋಳಿ ಹೋಗಿ ಕೂತಿತು.

ಮರುದಿನ ಬೆಳಿಗ್ಗೆಯೂ ಹೊನ್ನೂರಮ್ಮ ಟ್ರ್ಯಾಕ್ಟರು ಹತ್ತಿ ಹೋದ ಮೇಲೆ ಯಮನೂರಮ್ಮ ಬಂದಳು. ಖಾಲಿ ಕಲ್ಲು ನೋಡಿದಳು, ಅಳುತ್ತಿದ್ದ ಕರೆಮ್ಮನನ್ನು ನೋಡಿದಳು. "ಎಲ್ಲಿ ಹೋಗ್ಯಾಳ?" ಎಂದಳು. ಸಿಂಧನೂರಿನ ಬಸ್ಸು ಹತ್ತಿ, ಕ್ಯಾಂಪಿನ ದಾರಿ ಕೇಳುತ್ತ ಕೇಳುತ್ತ, ಒಳ್ಳೆಯ ಇಳಕಲ್ ಸೀರೆ ಉಟ್ಟ, ಮಳೆಯನ್ನೇ ನಂಬಿದ ಒಣಹೊಲದ ಊರಿನ ಆ ಹೆಂಗಸು ಗದ್ದೆಯ ಬದುವಿಗೆ ಬಂದು ನಿಂತಾಗ ನೆತ್ತಿಯ ಮೇಲೆ ಬಿಸಿಲು. ಅಷ್ಟು ನೀರನ್ನು ಒಂದೇ ಕಡೆ ಅವಳು ಹೊಲದಲ್ಲಿ ಕಂಡಿರಲಿಲ್ಲ. ಕೆಸರಿಗೆ ಇಳಿಯಲಾರದೆ ಅಲ್ಲಿಂದಲೇ ಕೂಗಿದಳು:

"ಏ ಹೊನ್ನೂರಮ್ಮ! ಬಂದೈತೇನ?"

ಸಾಲಿನ ಬಾಗಿದ ಬೆನ್ನುಗಳೆಲ್ಲ ಒಮ್ಮೆಲೇ ನೆಟ್ಟಗಾದವು. ಚಾಂದ್‌ಬೀ, "ಬಸ್ಸು ಕೇಳಾಕತ್ತಾಳೇನು?" ಎಂದಳು. ನಗೆ ಗದ್ದೆಯ ತುಂಬ ಹರಿಯಿತು.

ಹೊನ್ನೂರಮ್ಮ ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು, ಸಸಿಯ ಸೂಡು ಎತ್ತಿ ಹಿಡಿದು ಕೂಗಿದಳು: "ಬಂದೈತ್ರೀ! ನಿನ್ನೆ ಬಂದೈತಿ!"

"ಮತ್ತ ಕುಂತಿಲ್ಲ?"

"ಕುಂತಿಲ್ರೀ. ಇನ್ನ ಕೂಡಂಗೂ ಇಲ್ಲ. ನಿಮ್ಮ ಮನ್ಯಾಗೂ."

"ನಮ್ಮ ಮನ್ಯಾಗ ಎಲ್ಲಿರ್ತಿ ಮತ್ತ?"

"ಒಳಗ್ರೀ."

ನಗೆ ನಿಂತಿತು. ಯಮನೂರಮ್ಮ ಬಸ್ಸಿನ ರಸ್ತೆಯ ಕಡೆ ಒಮ್ಮೆ ನೋಡಿದಳು, ಹೋಗಲಿಲ್ಲ. ಹೊನ್ನೂರಮ್ಮ ಬದುವಿಗೆ ಹತ್ತಿ ಬಂದು ಕಾಲುವೆಯಲ್ಲಿ ಕೈಕಾಲು ತೊಳೆದಳು. ಜಾಲಿಯ ನೆರಳಿನಲ್ಲಿದ್ದ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಎರಡೂ ಕೈಯಿಂದ ಅತ್ತೆಯಾಗುವವಳ ಮುಂದೆ ಹಿಡಿದಳು.

"ಬೆಳಿಗ್ಗಿಲಿಂದ ಉಂಡಿಲ್ಲ ಅನ್ನಸತೈತಿ. ತಗೋರಿ. ನಾನ ಬಡದ ರೊಟ್ಟಿ, ಇವತ್ತಿಂದು."

ಇವತ್ತಿಂದು ಎನ್ನುವ ಮಾತು ಯಮನೂರಮ್ಮನಿಗೆ ತಿಳಿಯಿತು. ಹೊರಗಾದವಳು ಬಡಿದ ರೊಟ್ಟಿಯನ್ನು ಅವಳು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಹುಡುಗಿಯ ಕೈ ನೋಡಿದಳು, ಮುಖ ನೋಡಿದಳು. ಕೈ ಹಿಂದಕ್ಕೆ ಸರಿಯಲಿಲ್ಲ, ಮುಖವೂ ಬಾಗಲಿಲ್ಲ. ಗ್ಯಾಂಗಿನ ಹೆಂಗಸರು ಕೆಸರಿನಲ್ಲೇ ನಿಂತು ನೋಡುತ್ತಿದ್ದರು.

ಯಮನೂರಮ್ಮ ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಪಲ್ಯಕ್ಕ ಖಾರ ಕಮ್ಮಿ ಆಗೇತಿ" ಎಂದಳು. "ನಮ್ಮ ಪಂಪ್ಯಾಗ ಇಷ್ಟು ಸಾಲಂಗಿಲ್ಲ."